ಏಳನೇ ಮಹಡಿಯ ಚಿಕ್ಕಮ್ಮ

ಗೋಡೆ ‘ಟಿಣ್’ ಎಂದಿತು. ಅದರ ಬೆನ್ನಿಗೇ, ಜನ್ಮದಲ್ಲಿ ನೆಗಡಿಯೇ ಆಗದ ಗಂಟಲಿನ ಒಬ್ಬ ಹೆಂಗಸು, ಬಾಗಿಲು ಮುಚ್ಚುತ್ತಿದೆ ಎಂದು ಮೊದಲು ನಮ್ಮ ತ್ಬಿಲಿಸಿಯ ಭಾಷೆಯಲ್ಲೂ ಆಮೇಲೆ ಇಂಗ್ಲಿಷಿನಲ್ಲೂ ಹೇಳಿದಳು.

ಲೋಬಿಯೊ ಕಾಳಿನ ಸಾರು ಬೇಯುತ್ತಿದ್ದ ಮಡಕೆಗೆ ಸೌಟು ಹಾಕಿ ತಿರುವುತ್ತಿದ್ದ ನಜಿಬ್ರೋಲಾ ತಲೆ ಎತ್ತಲಿಲ್ಲ. ನೋಡಿ ನೋಡಿ ಸಾಕಾಗಿತ್ತು. ಅಡುಗೆಮನೆಯ ಕಿಟಕಿಯಾಚೆ, ಕೈ ಚಾಚಿದರೆ ತಾಗುವಷ್ಟು ಹತ್ತಿರದಲ್ಲಿ, ಗಾಜಿನ ಲಿಫ್ಟು ಮೇಲೇರುತ್ತಿತ್ತು. ಮೊದಲು ತಲೆಗಳು ಕಾಣಿಸುತ್ತವೆ, ಆಮೇಲೆ ಕೋಟುಗಳು, ಕೊನೆಗೆ ಬೂಟುಗಳು. ಬೂಟುಗಳು ಒಂದು ಕ್ಷಣ ಅವಳ ಒಲೆಯ ಎತ್ತರಕ್ಕೆ ನಿಂತಂತಾಗಿ ಮಾಯವಾಗುತ್ತವೆ.

“ಇವತ್ತು ನಾಯಿಗೂ ಕೋಟು ಹಾಕಿದಾರೆ ಕಣೆ ನಾಜಿ,” ಎಂದ ಗಂಡ ಗುರಾಮ್, ಕಿಟಕಿಯ ಪಕ್ಕದ ಗಾಲಿಕುರ್ಚಿಯಿಂದ. “ನನ್ನ ಮದುವೆ ಕೋಟಿಗಿಂತ ಚೆನ್ನಾಗಿದೆ.”

ಲಕ್ವ ಹೊಡೆದ ಮೇಲೆ ಅವನಿಗೆ ಅರ್ಧ ಬಾಯಿಯೇ ಉಳಿದದ್ದು. ಆ ಅರ್ಧದಲ್ಲೇ ಪೂರ್ತಿ ಕುಚೋದ್ಯ ನಡೆಸುತ್ತಿದ್ದ.

“ನಾಯಿ ನೋಡಿದ್ದು ಸಾಕು. ಬೆರಳು ಅಲ್ಲಾಡಿಸು.”

“ಅಲ್ಲಾಡಿಸ್ತಾ ಇದೀನಿ. ಅದು ಕೇಳಿಸ್ಕೊಳ್ತಾ ಇಲ್ಲ.”

ರಸ್ತೆಯಾಚೆ ಹಳೆಯ ಆಸ್ಪತ್ರೆಯ ಕಟ್ಟಡ. ಅದರ ನೆಲಮಹಡಿಯಲ್ಲಿ ವ್ಯಾಯಾಮದ ಕೋಣೆ. ಎರಡು ಕಬ್ಬಿಣದ ಕಂಬಿಗಳು, ನಡುವೆ ನಡೆಯಲು ಒಂದು ಚಾಪೆ. ಇಲ್ಲಿಂದ ನೋಡಿದರೆ ಚಾಪೆಯ ಹಸಿರು ಬಣ್ಣವೂ ಕಾಣುತ್ತಿತ್ತು. ಚಳಿಗಾಲದಲ್ಲೇ ಡಾಕ್ಟರಮ್ಮ ಹೇಳಿದ್ದಳು: “ಕಾಲು ಸತ್ತಿಲ್ಲ, ಮಲಗಿದೆ. ಬೇಸಿಗೆಯೊಳಗೆ ಎಬ್ಬಿಸಿದ್ರೆ ಎದ್ದೀತು. ತಡ ಮಾಡಿದ್ರೆ ತಾನು ಕಾಲು ಅನ್ನೋದೇ ಅದಕ್ಕೆ ಮರೆತುಹೋಗುತ್ತೆ.” ಕೋಣೆ ಇರುವುದು ರಸ್ತೆಯಾಚೆ. ನಡುವೆ ಇದ್ದದ್ದು ಏಳು ಮಹಡಿ ಮೆಟ್ಟಿಲು. ಎರಡು ಸಲ ಗಂಡಸರು ಅವನನ್ನು ಕುರ್ಚಿಯ ಸಮೇತ ಹೊತ್ತು ಇಳಿಸಿದ್ದರು. ಎರಡನೇ ಸಲ ಐದನೇ ಮಹಡಿಯ ಬದ್ರಿಯ ಸೊಂಟ ಉಳುಕಿತು. ಆಮೇಲೆ ಯಾರನ್ನಾದರೂ ಕರೆಯಲು ನಜಿಬ್ರೋಲಾಗೆ ಬಾಯಿ ಬರಲಿಲ್ಲ.

ಅವಳು ಕೂತಲ್ಲಿ ಕೂರುವವಳಲ್ಲ. ಅರ್ಧ ಆಯಸ್ಸು ತ್ಬಿಲಿಸಿಯ ಬೀದಿಗಳಲ್ಲಿ ಟ್ರಾಲಿಬಸ್ಸು ಓಡಿಸಿದವಳು. ಬಸ್ಸಿನ ತಲೆಯ ಮೇಲಿನ ಎರಡು ಕೋಲು ತಂತಿಯಿಂದ ಕಳಚಿಕೊಂಡಾಗಲೆಲ್ಲ ಕೆಳಗಿಳಿದು, ಹಗ್ಗ ಹಿಡಿದು, ಆಕಾಶ ನೋಡುತ್ತ ಅವನ್ನು ಮತ್ತೆ ತಂತಿಗೆ ಕೂರಿಸಬೇಕಿತ್ತು. ಒಳಗಿದ್ದವರು ಬೈಯುತ್ತಿದ್ದರು, ಹಿಂದಿನ ಕಾರಿನವರು ಹಾರ್ನ್ ಒತ್ತುತ್ತಿದ್ದರು. ಟ್ರಾಲಿಬಸ್ಸುಗಳನ್ನು ಗುಜರಿಗೆ ಹಾಕಿ ಎಷ್ಟೋ ವರ್ಷವಾಯಿತು. ಅವಳ ಪಾದಗಳಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ. ಊಟಕ್ಕೆ ಕೂತರೂ ಮೇಜಿನ ಕೆಳಗೆ ಒಂದು ಕಾಲು ಮುಂದಕ್ಕೆ ಒತ್ತುತ್ತದೆ, ಇನ್ನೊಂದು ತಡೆಯುತ್ತದೆ.

ಆ ಕಾಲದಲ್ಲಿ ಎಲ್ಲರೂ ಸಮಾನರು ಎಂದು ಡಿಪೋದ ಗೋಡೆಯ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು. ಹಾಗೇನೂ ಇಲ್ಲ ಎಂಬುದು ಡ್ರೈವರ್ ಸೀಟಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಕಪ್ಪು ಕಾರುಗಳು ಬಂದರೆ ದಾರಿ ಬಿಡಬೇಕಿತ್ತು. ದೊಡ್ಡವರ ಅಂಗಡಿಗೆ ಕಿಟಕಿಯೇ ಇರಲಿಲ್ಲ. ಆದರೆ ಆ ದೊಡ್ಡವರು ಬೇರೆ ಎಲ್ಲೋ ಇದ್ದರು, ಅವರ ಬೂಟುಗಳು ಇವಳ ಒಲೆಯ ಎತ್ತರಕ್ಕೆ ಬರುತ್ತಿರಲಿಲ್ಲ. ಈಗಿನ ದೊಡ್ಡವನು ಇದೇ ಮೆಟ್ಟಿಲ ಮೇಲೆ ಮೂಗು ಸುರಿಸಿಕೊಂಡು ಆಡಿದವನು.

ತೊರ್ನಿಕೆ ಮೂರನೇ ಮಹಡಿಯ ಹುಡುಗ. ಕೆಂಪು ಬಾವುಟದ ಒಕ್ಕೂಟ ಒಡೆದು ಊರಿಗೆ ಊರೇ ಕತ್ತಲಾದ ಚಳಿಗಾಲಗಳಲ್ಲಿ ಕರೆಂಟಿಲ್ಲ, ಗ್ಯಾಸಿಲ್ಲ, ಬ್ರೆಡ್ಡಿಗೆ ಬೆಳಗಿನ ಜಾವದಿಂದ ಸಾಲು. ಗುರಾಮ್ ಎಲ್ಲಿಂದಲೋ ಒಂದು ಸೀಮೆಎಣ್ಣೆ ಒಲೆ ತಂದಿದ್ದ. ಅದರ ಸುತ್ತ ಇಡೀ ಕಟ್ಟಡದ ಮಕ್ಕಳು ಕೂತು ಪಾಠ ಬರೆಯುತ್ತಿದ್ದರು. ನಜಿಬ್ರೋಲಾ ಮುಸುಕಿನ ಜೋಳದ ರೊಟ್ಟಿ ಮುರಿದು ಹಂಚುತ್ತಿದ್ದಳು. “ತಗೋ ಚಿಕ್ಕಮ್ಮಾ, ತಿನ್ನು ಚಿಕ್ಕಮ್ಮಾ, ತೋಳಿನಲ್ಲಿ ಮೂಗು ಒರೆಸ್ಕೋಬೇಡ ಚಿಕ್ಕಮ್ಮಾ.” ನಮ್ಮಲ್ಲಿ ಹಾಗೆಯೇ. ತಾಯಿ ಮಗುವನ್ನು ‘ಅಮ್ಮಾ’ ಎಂದು ಕರೆಯುತ್ತಾಳೆ, ತಂದೆ ಮಗನನ್ನು ‘ಅಪ್ಪಾ’ ಎನ್ನುತ್ತಾನೆ, ನೆರೆಮನೆಯ ಚಿಕ್ಕಮ್ಮನಿಗೆ ಕೇರಿಯ ಮಕ್ಕಳೆಲ್ಲ ‘ಚಿಕ್ಕಮ್ಮಾ’. ತಾನು ಏನೋ ಅದನ್ನೇ ಮಗುವಿಗೂ ಕೊಟ್ಟುಬಿಡುವ ಮಾತು ಅದು.

ಹುಡುಗ ದೊಡ್ಡವನಾಗಿ ಟರ್ಕಿಯಿಂದ ಟೈಲ್ಸು ತಂದ, ಆಮೇಲೆ ಸಿಮೆಂಟು, ಆಮೇಲೆ ಜಾಗ. ಒಂದು ದಿನ ಹುಟ್ಟಿದ ಮನೆಯ ತಾರಸಿಯ ಮೇಲೆ ಇನ್ನೆರಡು ಮಹಡಿ ಕಟ್ಟುತ್ತೇನೆಂದು ಬಂದ. ಅದಕ್ಕೆ ಕೆಳಗಿನವರೆಲ್ಲ ಒಪ್ಪಬೇಕಿತ್ತು. ಅಂಗಳದ ದ್ರಾಕ್ಷಿ ಚಪ್ಪರದ ಕೆಳಗೆ ಉದ್ದ ಮೇಜು ಹಾಕಿಸಿದ. ಹಂದಿಮರಿ ಸುಟ್ಟರು, ಕಖೇತಿಯಿಂದ ಪೀಪಾಯಿಗಟ್ಟಲೆ ವೈನ್ ಬಂತು. ತೊರ್ನಿಕೆ ಕೊಂಬಿನಲ್ಲಿ ವೈನ್ ಹಿಡಿದು ಎದ್ದು ನಿಂತು ಹೇಳಿದ: “ಇಲ್ಲಿ ಕೂತಿರೋರೆಲ್ಲ ನನ್ನ ಚಿಕ್ಕಪ್ಪ ಚಿಕ್ಕಮ್ಮಂದಿರು. ಹಳೇ ಲಿಫ್ಟಿನ ಯಂತ್ರ ತಾರಸಿ ಮೇಲಿದೆ, ಅದು ಹೋಗುತ್ತೆ. ಹೊಸದು ಬರುತ್ತೆ. ನಿಮ್ಮೆಲ್ಲರ ಬಾಗಿಲ ಮುಂದೂ ನಿಲ್ಲುತ್ತೆ. ಇದು ನನ್ನ ಮಾತು. ಈ ಮನೆಗೆ!”

ಎಲ್ಲರೂ ಎದ್ದು ನಿಂತು ಕುಡಿದರು. ನಜಿಬ್ರೋಲಾಳೂ ಕುಡಿದಳು. ಮೇಜಿನ ಮುಂದೆ ನಿಂತು ಕುಡಿದು ಕೊಟ್ಟ ಮಾತನ್ನು ಕಾಗದದ ಮೇಲೆ ಬರೆದುಕೊಡು ಎಂದು ಕೇಳುವುದು ನಮ್ಮಲ್ಲಿ, ಬಡಿಸಿದ ಅನ್ನವನ್ನು ಮೂಸಿ ನೋಡಿದ ಹಾಗೆ. ಯಾರೂ ಕೇಳಲಿಲ್ಲ.

ಹೊಸ ಲಿಫ್ಟು ಬಂತು. ಎಲ್ಲರ ಮಹಡಿಯಲ್ಲೂ ಅದಕ್ಕೊಂದು ಉಕ್ಕಿನ ಬಾಗಿಲು. ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬಾಗಿಲು. ಕಾರ್ಡು ಇದ್ದದ್ದು ಮೇಲಿನ ಎರಡು ಮಹಡಿಯವರಲ್ಲಿ. ಹಳೆಯ ಲಿಫ್ಟು, ಕಾಸು ಹಾಕಿದರೆ ಗೊಣಗುತ್ತ ಏರುತ್ತಿದ್ದ ಬೀರುವಿನಂಥ ಪೆಟ್ಟಿಗೆ, ಹೊಸ ವರ್ಷದ ಹೊತ್ತಿಗೆ ಯಂತ್ರ ಕಳಚಿದ್ದೇ ಪೂರ್ತಿ ನಿಂತುಹೋಯಿತು.

“ಹುಡುಗ ಸುಳ್ಳು ಹೇಳಿಲ್ಲ,” ಎನ್ನುತ್ತಿದ್ದ ಗುರಾಮ್. “ನಿಲ್ಲುತ್ತೆ ಅಂದಿದ್ದ. ತೆರೆಯುತ್ತೆ ಅಂದಿರ್ಲಿಲ್ಲ.”

ಆ ದಿನ ನಾಯಿಯ ಕೋಟು ಕಣ್ಮರೆಯಾದ ಮೇಲೆ ನಜಿಬ್ರೋಲಾ ಒಲೆ ಆರಿಸಿದಳು, ಏಪ್ರನ್ ಬಿಚ್ಚಿದಳು.

“ಎಲ್ಲಿಗೆ?”

“ಮೇಲಕ್ಕೆ.”

ಗುರಾಮ್ ಕುತ್ತಿಗೆ ತಿರುಗಿಸಿ ನೋಡಿದ. “ಬಾತೊನೊ ತೊರ್ನಿಕೆ ಅನ್ನು. ಮರೀಬೇಡ. ಈಗ ಒಡೆಯರ ಕಾಲ.”

ಬಾತೊನೊ, ಒಡೆಯರೇ. ಎಪ್ಪತ್ತು ವರ್ಷ ಆ ಪದ ಮೂಲೆ ಸೇರಿತ್ತು, ಎಲ್ಲರೂ ಕಾಮ್ರೇಡುಗಳಾಗಿದ್ದರು. ಈಗ ಅಂಗಡಿಯವನಿಂದ ಬ್ಯಾಂಕಿನವನವರೆಗೆ ಎಲ್ಲರೂ ಬಾತೊನೊ. ಮೆಟ್ಟಿಲಿಗೊಂದು ಸಲ ಅದನ್ನೇ ಹೇಳಿಕೊಳ್ಳುತ್ತ ಅವಳು ಹತ್ತಿದಳು. ಬಾತೊನೊ ತೊರ್ನಿಕೆ, ಒಂದು ವಿನಂತಿ ಇತ್ತು. ಬಾತೊನೊ ತೊರ್ನಿಕೆ, ತೊಂದರೆ ಕೊಡ್ತಾ ಇದೀನಿ. ಮೇಲಿನ ಬಾಗಿಲು ತೆರೆದದ್ದು ಅವನೇ. ಒಳಗೆ ಮೇಜಿನ ಸುತ್ತ ಹೊರದೇಶದ ಮೂರು ಮಂದಿ. ಅವನ ಕೂದಲು ಮುಂದೆ ತೆಳುವಾಗಿತ್ತು. ಮೂಗಿನ ತುದಿ ಚಳಿಗೆ ಕೆಂಪಾಗಿತ್ತು, ಥೇಟ್ ಆಗಿನ ಹಾಗೆಯೇ. ಅದನ್ನು ನೋಡಿದ್ದೇ ತಡ, ಅಷ್ಟು ಹೊತ್ತು ಉರುಹೊಡೆದದ್ದೆಲ್ಲ ಕೋಲು ಕಳಚಿದ ಟ್ರಾಲಿಬಸ್ಸಿನಂತೆ ನಿಂತುಬಿಟ್ಟಿತು.

“ಚಿಕ್ಕಮ್ಮಾ,” ಎಂದಳು ಅವಳು, ನಲವತ್ತು ದಾಟಿದ ಆ ಸಿರಿವಂತನಿಗೆ, “ಗುರಾಮನನ್ನ ಕೆಳಗಿಳಿಸ್ಬೇಕು.”

ಅವನ ಮುಖ ಅರಳಿತು. ಅವಳನ್ನು ತಬ್ಬಿಕೊಂಡ, ಒಳಗೆ ಎಳೆದುಕೊಂಡು ಹೋದ. ಅತಿಥಿಗಳಿಗೆ ಇಂಗ್ಲಿಷಿನಲ್ಲಿ ಏನೇನೋ ಹೇಳಿದ. ಅವರು ನಕ್ಕರು, ಒಬ್ಬಳು ಕಣ್ಣೊರೆಸಿಕೊಂಡಳು. “ನಮ್ಮ ಹಳೇ ತ್ಬಿಲಿಸಿ ಅಂದ್ರೆ ಇವಳೇ ಅಂತ ಹೇಳ್ದೆ ಚಿಕ್ಕಮ್ಮ. ಕತ್ತಲಲ್ಲಿ ರೊಟ್ಟಿ ಕೊಟ್ಟವಳು ಅಂತ ಹೇಳ್ದೆ.” ಫೋಟೋ ತೆಗೆದರು. ಹೊರಡುವಾಗ ತೊರ್ನಿಕೆ ಅವಳ ಅಂಗೈಯಲ್ಲಿ ಒಂದು ಬಿಳಿ ಕಾರ್ಡಿಟ್ಟು ಬೆರಳು ಮಡಿಸಿದ. “ನಿಮ್ಮಿಬ್ಬರಿಗೆ ಮಾತ್ರ. ಯಾರಿಗೂ ಹೇಳ್ಬೇಡ, ಆಯ್ತಾ?”

ಕೆಳಗಿಳಿಯುವಾಗ ಅವಳಿಗೆ ಸಂತೋಷವಾಗಿತ್ತು. ಜೊತೆಗೆ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡಂಥ ಕಿರಿಕಿರಿ. ಆ ಪದವನ್ನು ಅವಳು ಸಾವಿರ ಸಲ ಕೊಟ್ಟಿದ್ದಳು. ಅದಕ್ಕೆ ಬದಲಾಗಿ ಏನನ್ನಾದರೂ ಪಡೆದದ್ದು ಇದೇ ಮೊದಲು.

ಮರುದಿನ ಗುರಾಮನಿಗೆ ಮದುವೆಯ ಕೋಟನ್ನೇ ತೊಡಿಸಿದಳು. ಉಕ್ಕಿನ ಬಾಗಿಲು ತೆರೆಯಿತು. ಗಾಜಿನೊಳಗೆ ನಿಂತಾಗ ಇಡೀ ಸಬುರ್ತಾಲೊ ಬಡಾವಣೆ ಕೆಳಗೆ ಹರಡಿತ್ತು. ತಗಡು ಹೊದಿಸಿದ ಬಾಲ್ಕನಿಗಳು, ಒಗೆದ ಬಟ್ಟೆಯ ಸಾಲುಗಳು, ದೂರದಲ್ಲಿ ಗುಡ್ಡದ ಮೇಲೆ ಇನ್ನೂ ಕರಗದ ಹಿಮ. ಗುರಾಮ್ ಮಗುವಿನ ಹಾಗೆ ಬಾಯಿ ತೆರೆದುಕೊಂಡು ನೋಡಿದ. ಲಿಫ್ಟು ಆರನೇ ಮಹಡಿಯ ಅಡುಗೆಮನೆಯ ಮುಂದೆ ಹಾಯುವಾಗ ಒಳಗೆ ತ್ಸಿಯಾಲಾ ಈರುಳ್ಳಿ ಹೆಚ್ಚುತ್ತಿದ್ದಳು. ತಲೆ ಎತ್ತಿದಳು. ಇಳಿಯುವ ಲಿಫ್ಟಿನಲ್ಲಿ ಮೊದಲು ಕಾಣುವುದು ಬೂಟು. ಅವಳು ಮೊದಲು ನಜಿಬ್ರೋಲಾಳ ಹಳೆಯ ಬೂಟುಗಳನ್ನು ನೋಡಿದಳು, ಆಮೇಲೆ ಮುಖವನ್ನು. ಗುರಾಮ್ ಸರಿಯಿದ್ದ ಕೈ ಎತ್ತಿ ಬೀಸಿದ. ತ್ಸಿಯಾಲಾ ಪರದೆ ಎಳೆದುಕೊಂಡಳು.

ಮೂವತ್ತು ವರ್ಷದಿಂದ ಗೆಳತಿ. ಮೆಟ್ರೊ ಬಾಗಿಲಲ್ಲಿ ಸೊಪ್ಪು, ಸೂರ್ಯಕಾಂತಿ ಬೀಜ ಮಾರುವವಳು. ಮಂಡಿ ಎರಡೂ ಕೆಟ್ಟಿದ್ದವು.

ವ್ಯಾಯಾಮದ ಕೋಣೆಯಲ್ಲಿ ಗುರಾಮನ ಕಾಲನ್ನು ಎಳೆದರು, ಮಡಿಸಿದರು, ತಟ್ಟಿದರು. ಅವನು ಬೈದ. ವಾರ ಕಳೆಯುವಷ್ಟರಲ್ಲಿ ಹೆಬ್ಬೆರಳು ಕದಲಿತು. ನಜಿಬ್ರೋಲಾ ಆ ಹೆಬ್ಬೆರಳನ್ನು ಹಿಡಿದು, “ನಿನ್ನ ಪೀಡೆಯೆಲ್ಲ ನನಗೇ ಬರ್ಲಿ,” ಎಂದು ಮುತ್ತಿಟ್ಟಳು. “ಬೇಡ ಬೇಡ,” ಎಂದ ಅವನು, “ಮನೆಗೊಂದು ಗಾಲಿಕುರ್ಚಿ ಸಾಕು.”

ಮನೆಯೊಳಗೆ ಸಂತೋಷ. ಮೆಟ್ಟಿಲ ಮೇಲೆ ಮಾತ್ರ ಅವಳಿಗೆ ಕಾಲು ನಿಲ್ಲುತ್ತಿರಲಿಲ್ಲ. ಒಬ್ಬಳೇ ಹೋಗುವಾಗ ಲಿಫ್ಟು ಹತ್ತುತ್ತಿರಲಿಲ್ಲ, ಮೆಟ್ಟಿಲನ್ನೇ ಹಿಡಿಯುತ್ತಿದ್ದಳು. ಹಾಗೆ ಹತ್ತಿದರೆ ಪಾಪ ಕಡಿಮೆಯಾದೀತು ಎಂಬಂತೆ ಬೇಗ ಬೇಗ ಹತ್ತುತ್ತಿದ್ದಳು. ಆದರೂ ಎದುರಾದವರ ಬಾಯಿ ಸುಮ್ಮನಿರಲಿಲ್ಲ.

“ಏನು ತಮಾರ್ ರಾಣಿಯೋರು ಇವತ್ತು ಕಾಲ್ನಡಿಗೇಲಿ?” ಎಂದಳು ತ್ಸಿಯಾಲಾ ಒಂದು ಸಂಜೆ. ಮೂರನೇ ಮಹಡಿಯ ತಿರುವಿನಲ್ಲಿ ಆಲೂಗಡ್ಡೆ ಚೀಲವನ್ನು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೇ ಕೂತಿದ್ದಳು. ಮುಖ ಬೂದಿಯಾಗಿತ್ತು.

“ಎದ್ದೇಳು. ಚೀಲ ಕೊಡಿಲ್ಲಿ.”

“ಬೇಡಮ್ಮಾ. ದೊಡ್ಡೋರ ಕೈ ಕೊಳೆಯಾಗುತ್ತೆ.”

“ತ್ಸಿಯಾಲಾ, ನಾನು ಗುರಾಮನ ಕಾಲಿಗೆ ಅಂತ ತಗೊಂಡೆ.”

“ಗೊತ್ತು. ನಾನೇನಾದ್ರೂ ಅಂದ್ನಾ? ನನ್ನ ಕಾಲಿಗೆ ಯಾರನ್ನ ಚಿಕ್ಕಮ್ಮಾ ಅನ್ಲಿ ಹೇಳು. ನಾನೂ ಅವನಿಗೆ ಬೀಜ ಕೊಟ್ಟಿದ್ದೆ, ಮುಷ್ಟಿಗಟ್ಟಲೆ. ಬೀಜಕ್ಕೆ ಲಿಫ್ಟ್ ಬರಲ್ಲ, ರೊಟ್ಟಿಗೇ ಬರೋದು ಅಂತ ಕಾಣುತ್ತೆ.”

ನಜಿಬ್ರೋಲಾ ಚೀಲ ಎತ್ತಿಕೊಂಡಳು. ಜೇಬಿನಿಂದ ಕಾರ್ಡು ತೆಗೆದು ಮೂರನೇ ಮಹಡಿಯ ಉಕ್ಕಿನ ಬಾಗಿಲಿಗೆ ಒತ್ತಿದಳು.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಬಾಲ್ಕನಿಯಿಂದ ಬ್ರೆಡ್ಡು ಎತ್ತಿಕೊಳ್ಳಲು ನಮ್ಮ ಮನೆಗಳಲ್ಲೆಲ್ಲ ಹಗ್ಗಕ್ಕೆ ಕಟ್ಟಿದ ಬುಟ್ಟಿಯೊಂದು ಇರುತ್ತದಲ್ಲ, ನಜಿಬ್ರೋಲಾಳ ಬುಟ್ಟಿಯಲ್ಲಿ ಈಗ ಕಾರ್ಡು ಇಳಿಯತೊಡಗಿತು. “ನಾಜೀ!” ಎಂದು ಕೆಳಗಿನಿಂದ ಕೂಗು. ಬುಟ್ಟಿ ಇಳಿಯುವುದು, ಖಾಲಿ ಬುಟ್ಟಿ ಏರುವುದು, ಅದರ ಹಿಂದೆ ಲಿಫ್ಟಿನಲ್ಲಿ ಕಾರ್ಡಿನ ಸಮೇತ ಮನುಷ್ಯ ಏರುವುದು. ಬದ್ರಿಯ ಗ್ಯಾಸ್ ಸಿಲಿಂಡರು ಬಂತು. ನಾಲ್ಕನೇ ಮಹಡಿಯ ಮುದುಕ ಹೊಸ ವರ್ಷದಿಂದ ನೆಲ ಕಾಣದವನು, ಚಪ್ಪರದ ಕೆಳಗೆ ಹೋಗಿ ಸುಮ್ಮನೆ ಕೂತ. ಏನೂ ಮಾಡಲಿಲ್ಲ, ಮಣ್ಣಿನ ಮೇಲೆ ಪಾದ ಇಟ್ಟುಕೊಂಡು ಕೂತ. ನಜಿಬ್ರೋಲಾಳ ಎದೆ ಬುಟ್ಟಿಯ ಜೊತೆಗೇ ಏರಿ ಇಳಿಯುತ್ತಿತ್ತು. ಇವತ್ತು ಸಿಕ್ಕಿಬೀಳುತ್ತೇವೆ, ನಾಳೆ ಸಿಕ್ಕಿಬೀಳುತ್ತೇವೆ. ಗುರಾಮನ ಹೆಬ್ಬೆರಳನ್ನು ನೋಡಿದಾಗ, ಇನ್ನು ಯಾರಿಗೂ ಕೊಡಬಾರದು ಎಂದುಕೊಳ್ಳುತ್ತಿದ್ದಳು. ಕೆಳಗಿನಿಂದ “ನಾಜೀ” ಎಂದಾಗ ಅವಳ ಕೈ ಅವಳನ್ನು ಕೇಳದೆಯೇ ಹಗ್ಗ ಬಿಡುತ್ತಿತ್ತು.

“ಒಂದು ದಿನ ಈ ಬುಟ್ಟೀಲಿ ನನ್ನ ಕಾಲೇ ಹೋಗುತ್ತೆ,” ಎಂದ ಗುರಾಮ್.

“ಹಾಗಾದ್ರೆ ಕೊಡಬೇಡ ಅನ್ನು. ನೀನು ಅಂದ್ರೆ ಕೊಡಲ್ಲ.”

ಅವನು ಕಿಟಕಿಯಾಚೆ ನೋಡಿದ. “ಬಾಯಿ ಅರ್ಧ ಹೋಗಿದೆ ಕಣೆ. ಆ ಮಾತು ಹೋದ ಅರ್ಧದಲ್ಲಿತ್ತು.”

ಸಿಕ್ಕಿಬಿದ್ದದ್ದು ಒಂದು ಹುಂಜದಿಂದ. ಈಸ್ಟರ್ ಹತ್ತಿರ ಬಂದಿತ್ತು. ತ್ಸಿಯಾಲಾಗೆ ಊರಿಂದ ಅವಳ ತಮ್ಮ ಜೀವಂತ ಹುಂಜ ಕಳಿಸಿದ್ದ. ಅವಳು ಅದನ್ನು ಕಂಕುಳಲ್ಲಿ ಇರುಕಿಕೊಂಡು ಲಿಫ್ಟಿನಲ್ಲಿದ್ದಾಗ ಮುಚ್ಚುತ್ತಿದ್ದ ಬಾಗಿಲು ಮತ್ತೆ ತೆರೆದು, ಕೋಟು ಹಾಕಿದ ನಾಯಿಯೂ ಅದರ ಒಡತಿಯೂ ಹತ್ತಿದರು. ಆಮೇಲೆ ಗಾಜಿನ ಪೆಟ್ಟಿಗೆಯೊಳಗೆ ನಡೆದದ್ದನ್ನು ಎಲ್ಲ ಮಹಡಿಯವರೂ ತಮ್ಮ ತಮ್ಮ ಅಡುಗೆಮನೆಯಿಂದ ನೋಡಿದರು. ಗರಿಗಳು ಹಾರಿದವು. ಹುಂಜ ಗೆದ್ದಿತು. ಗುರಾಮ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಜಿಬ್ರೋಲಾ ನಗಲಿಲ್ಲ.

ಅದಾದ ಎರಡು ದಿನಕ್ಕೆ ವ್ಯಾಯಾಮದ ಕೋಣೆಯಲ್ಲಿ ಗುರಾಮ್ ಕಂಬಿ ಬಿಟ್ಟು ನಿಂತ. ಉಸಿರು ಒಂದು ಸಲ ಎಳೆದು ಬಿಡುವಷ್ಟು ಹೊತ್ತು, ಅಷ್ಟೆ. ಡಾಕ್ಟರಮ್ಮ ಚಪ್ಪಾಳೆ ತಟ್ಟಿದಳು. “ಈಗ ಒಂದು ದಿನವೂ ತಪ್ಪಿಸ್ಬೇಡಿ, ಎದ್ದ ಕಾಲನ್ನ ಮತ್ತೆ ಮಲಗೋಕೆ ಬಿಡಬೇಡಿ.” ರಸ್ತೆ ದಾಟಿ ವಾಪಸು ಬರುವಾಗ ಅವನು ಬೆವರಿ ತೊಯ್ದಿದ್ದ. ತಲೆ ಒಂದು ಪಕ್ಕಕ್ಕೆ ವಾಲಿತ್ತು. ನಜಿಬ್ರೋಲಾ ಕಾರ್ಡು ಒತ್ತಿದಳು. ಕೆಂಪು ದೀಪ. ಒರೆಸಿ ಒತ್ತಿದಳು. ಕೆಂಪು ದೀಪ.

ಬಾಗಿಲ ಕಾವಲಿನವನು ರಾಚಾ ಬೆಟ್ಟದವನು, ಯಾವುದಕ್ಕೂ ಅವಸರಪಡದ ಊರಿನವನು. ನಿಧಾನವಾಗಿ ಎದ್ದ, ನಿಧಾನವಾಗಿ ಟೋಪಿ ಸರಿಮಾಡಿಕೊಂಡ. “ಸತ್ತೋಗಿದೆ ಅಮ್ಮ ಅದು. ಮೇಲಿಂದ ಸಾಯಿಸಿದ್ದಾರೆ.”

“ಇವನನ್ನ ನೋಡು. ಒಂದು ಸಲ ತೆಗಿ.”

“ತೆಗೀಬಹುದು. ತೆಗೆದ್ರೆ ನಾನು ರಾಚಾಗೆ ವಾಪಸ್ ಹೋಗ್ಬೇಕು. ಅಲ್ಲಿ ಕೆಲಸ ಇಲ್ಲ, ಬರೀ ಹವಾ ಚೆನ್ನಾಗಿದೆ. ಸಾಹೇಬ್ರು ಬರ್ತಿದಾರೆ, ಅವರನ್ನೇ ಕೇಳಿ.”

ಅಂಗಳಕ್ಕೆ ಕಾರು ಬಂದು ನಿಂತಿತು, ನಜಿಬ್ರೋಲಾ ಕುರ್ಚಿಯನ್ನು ಅದರ ಬಳಿಗೆ ನೂಕಿದಳು. ಚಪ್ಪರದ ಕೆಳಗೆ ಸೊಪ್ಪಿನ ಕಟ್ಟು ಬಿಡಿಸುತ್ತ ಕೂತಿದ್ದ ತ್ಸಿಯಾಲಾ ಕೈ ನಿಲ್ಲಿಸಿದಳು. ತೊರ್ನಿಕೆ ಇಳಿದ, ಗುರಾಮನ ಹೆಗಲು ತಟ್ಟಿದ, ಅವನ ಕುತ್ತಿಗೆಯ ಬೆವರು ನೋಡಿ ನಿಜಕ್ಕೂ ನೊಂದುಕೊಂಡ. ಅವನು ಕೆಟ್ಟವನಲ್ಲ. ಅದೇ ಕಷ್ಟ.

“ಚಿಕ್ಕಮ್ಮ, ಏನಿದು? ನಿನಗೆ ಅಂತ ಕೊಟ್ರೆ ಊರಿಗೇ ಹಂಚಿದೀಯ.”

“ಊರಿಗಲ್ಲ. ಮನೆಗೆ.”

“ಮೇಲಿನವರು ದಿನಾ ಫೋನ್ ಮಾಡ್ತಾರೆ. ಬೆಳ್ಳುಳ್ಳಿ ವಾಸನೆ, ಸಿಲಿಂಡರು, ಈಗ ಕೋಳಿ. ಲಿಫ್ಟಿಗೆ ಅಂತ ಅವರು ಕೊಟ್ಟಿದ್ದು ಕಡಿಮೆಯಲ್ಲ. ಅವರಿಗೆ ಏನು ಹೇಳ್ಲಿ?”

“ಈ ಚಪ್ಪರದ ಕೆಳಗೆ ಏನು ಹೇಳಿದ್ಯೋ ಅದನ್ನೇ ಹೇಳು.”

ತೊರ್ನಿಕೆ ಚಪ್ಪರದ ಕಡೆ ನೋಡಿದ, ತ್ಸಿಯಾಲಾ ಇದ್ದದ್ದು ಕಂಡು ದನಿ ಇಳಿಸಿದ. “ಅದು ಮೇಜಿನ ಮಾತು ಚಿಕ್ಕಮ್ಮ. ಕುಡಿದಾಗ ಎಲ್ಲರೂ ಎಲ್ಲರಿಗೂ ಎಲ್ಲಾನೂ ಕೊಡ್ತಾರೆ.”

ಗುರಾಮ್ ಕಣ್ಣು ತೆರೆದ. “ನಾನೂ ಕುಡಿದಿದ್ದೆ,” ಎಂದ ಅರ್ಧ ಬಾಯಿಯಲ್ಲಿ. “ಎದ್ದು ನಿಂತು ಕುಡಿದಿದ್ದೆ. ಆಗ ನಿಲ್ಲೋಕೆ ಬರ್ತಿತ್ತು.”

ತೊರ್ನಿಕೆ ಕೋಟಿನ ಒಳಜೇಬಿಗೆ ಕೈ ಹಾಕಿ ಹೊಸ ಕಾರ್ಡು ತೆಗೆದ. ಎರಡು ಬೆರಳ ನಡುವೆ ಹಿಡಿದುಕೊಂಡ, ಕೊಡಲಿಲ್ಲ.

“ನೋಡು, ತಂದಿದೀನಿ. ಗುರಾಮ್ ಚಿಕ್ಕಪ್ಪ ನಡೀಬೇಕು, ನನಗೂ ಅದೇ ಬೇಕು. ಒಂದು ಮಾತು ಕೊಡು ಸಾಕು, ನೀವಿಬ್ಬರೇ ಅಂತ. ಬರೆದುಕೊಡೋದು ಬೇಡ. ನಿನ್ನ ಬಾಯಲ್ಲಿ ಬಂದ್ರೆ ಸಾಕು, ನೀನು ಮಾತು ತಪ್ಪೋಳಲ್ಲ ಅಂತ ನನಗೆ ಗೊತ್ತು.”

ಅದು ಅವಳಿಗೂ ಗೊತ್ತಿತ್ತು. ಕೊಟ್ಟರೆ ಮುಗಿಯಿತು. ನಾಳೆಯಿಂದ ತ್ಸಿಯಾಲಾ ಮೂರನೇ ಮಹಡಿಯ ತಿರುವಿನಲ್ಲಿ ಕೂತಿರುತ್ತಾಳೆ, ತಾನು ಅವಳನ್ನು ದಾಟಿಕೊಂಡು ಹೋಗಬೇಕು. ಕೊಡದಿದ್ದರೆ ಆ ಹಸಿರು ಚಾಪೆ ಏಳನೇ ಮಹಡಿಯಿಂದ ನೋಡುವುದಕ್ಕಷ್ಟೇ. ಒಂದು ಪಾದ ಮುಂದಕ್ಕೆ ಒತ್ತುತ್ತಿತ್ತು, ಇನ್ನೊಂದು ತಡೆಯುತ್ತಿತ್ತು. ಗುರಾಮನ ಬಲಗಾಲು ಕುರ್ಚಿಯ ಹಲಗೆಯ ಮೇಲೆ ಸಣ್ಣಗೆ ನಡುಗುತ್ತಿತ್ತು. ದಣಿದ ಕಾಲು ನಡುಗುತ್ತದೆ, ಮಲಗಿದ ಕಾಲಲ್ಲ.

“ಹೇಳು ಚಿಕ್ಕಮ್ಮ. ನಾವಿಬ್ಬರೇ ಅನ್ನು. ಅಷ್ಟೆ,” ಎಂದ ತೊರ್ನಿಕೆ. “ನನಗೂ ಮೇಲೆ ಮುಖ ಇರ್ಬೇಕಲ್ಲ, ನೀನೇ ಯೋಚನೆ ಮಾಡು, ಎಲ್ಲರಿಗೂ ಅಂತ ಶುರು ಮಾಡಿದ್ರೆ...”

ನಜಿಬ್ರೋಲಾ ಕೈ ಚಾಚಿ ಅವನ ಬೆರಳ ನಡುವಿನಿಂದ ಕಾರ್ಡನ್ನು ತೆಗೆದುಕೊಂಡಳು. ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ, ಮೆಲ್ಲಗೆ, ಬೈಯದೆ. ಕುರ್ಚಿಯ ಹಿಡಿ ಹಿಡಿದು ತಿರುಗಿಸಿದಳು. ಮಾತು ಬಾಯಿಗೆ ಬರುವ ಮೊದಲೇ ಹೊರಡಬೇಕಿತ್ತು, ಬಂದಮೇಲೆ ಅದನ್ನು ಉಳಿಸಿಕೊಳ್ಳಬೇಕಾಗುತ್ತಿತ್ತು.

“ಚಿಕ್ಕಮ್ಮ, ನಾನಿನ್ನೂ ಮಾತಾಡ್ತಾ ಇದೀನಿ,” ಎಂದ ಅವನು ಹಿಂದಿನಿಂದ. “ನಾಳೆ ಮತ್ತೆ ನಾನೇ ಇದನ್ನ ನಿಲ್ಲಿಸ್ಬೇಕಾಗುತ್ತೆ, ಆಗ ಚಿಕ್ಕಪ್ಪನ ಗತಿ...”

“ತ್ಸಿಯಾಲಾ,” ಎಂದು ಅವಳು ಚಪ್ಪರದತ್ತ ಕೂಗಿದಳು, ಕುರ್ಚಿಯನ್ನು ಅಂಗಳದ ಉಬ್ಬುತಗ್ಗುಗಳ ಮೇಲೆ ಲಿಫ್ಟಿನತ್ತ ನೂಕಿಕೊಂಡು ಹೋಗುತ್ತ, “ಸೊಪ್ಪು ಎತ್ಕೊಂಡು ಬೇಗ ಬಾರೇ.”

ತೊರ್ನಿಕೆ ಇನ್ನೂ ಏನೋ ಹೇಳುತ್ತಲೇ ಇದ್ದ.